ಕಟ್ಟೆಯ ಎತ್ತರ ಎಷ್ಟಿರಬೇಕು?

ಮನೆ ಮಾತು: ಓದುಗರ ಪ್ರಶ್ನೆ, ಆರ್ಕಿಟೆಕ್ಟ್ ಉತ್ತರ

ಹೋದ ತಿಂಗಳು ಬಾತ್‌ರೂಮಿನ ಸೋರಿಕೆ ಬಗ್ಗೆ ಬರೆದಿದ್ದೆ. ಈ ಸಲವೂ ಅದೇ ಪ್ರಶ್ನೆಗಳು ಬರುತ್ತವೆ ಅಂದುಕೊಂಡಿದ್ದೆ. ಬಂದದ್ದು ಬೇರೆ. ಹೆಚ್ಚಿನ ಕಾಗದಗಳಲ್ಲಿ ಸಿಮೆಂಟು, ಕಬ್ಬಿಣದ ಮಾತೇ ಇಲ್ಲ. ಮನೆಯಲ್ಲಿ ಹೇಗೆ ಬದುಕುತ್ತಿದ್ದೇವೆ ಅನ್ನುವುದೇ ಇದೆ. ಆರನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು 30–40 ಸೈಟು. ಮಾವನವರು ಕಟ್ಟಿಸಿದ ಮನೆ. ಮುಂದೆ ರೆಡ್ ಆಕ್ಸೈಡ್ ಜಗಲಿ, ಬಾಗಿಲ ಎರಡೂ ಬದಿ ಕಲ್ಲಿನ ಕಟ್ಟೆ. ಅದನ್ನು ಒಡೆದು, ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ ಕಟ್ಟಬೇಕು ಅಂತಾನೆ ಮಗ. ನಮ್ಮ ಯಜಮಾನರಿಗೆ 74 ವರ್ಷ. ಅವರ ಸಂಜೆಯೆಲ್ಲ ಆ ಕಟ್ಟೆ ಮೇಲೇ. ಮಗನಿಗೆ ಏನು ಹೇಳಲಿ?
— ಗೃಹಿಣಿ, ವಿಜಯನಗರ, ಬೆಂಗಳೂರು

ಅಮ್ಮ, ಮೊದಲು ಮಗನ ಪರವಾಗಿ ಎರಡು ಮಾತು. ಎರಡು ಕಾರು ರಸ್ತೆಯಲ್ಲಿ ನಿಂತರೆ ದಿನಾ ಜಗಳ. ಮೇಲಿನ ಮಹಡಿಯ ಬಾಡಿಗೆ ಬಂದರೆ ಬ್ಯಾಂಕಿನ ಕಂತು ತೀರುತ್ತದೆ. ಅವನ ಲೆಕ್ಕ ತಪ್ಪಿಲ್ಲ. ಅದರಲ್ಲಿ ಅಪ್ಪನ ಸಂಜೆ ಸೇರಿಲ್ಲ, ಅಷ್ಟೆ.

ಒಂದು ಕೆಲಸ ಮಾಡಿ. ಟೇಪು ತಗೊಂಡು ಆ ಕಟ್ಟೆ ರಸ್ತೆಯಿಂದ ಎಷ್ಟು ಎತ್ತರ ಇದೆ ಅಂತ ಅಳೆಯಿರಿ. ಹೆಚ್ಚುಕಡಿಮೆ ಎರಡೂವರೆ ಅಡಿ ಬರುತ್ತದೆ, ನೋಡಿ. ಕೂತವರ ಕಣ್ಣು ಕೂತ ಜಾಗದಿಂದ ಇನ್ನೂ ಎರಡೂವರೆ ಅಡಿ ಮೇಲಿರುತ್ತದೆ. ಒಟ್ಟು ಐದು ಅಡಿ. ರಸ್ತೆಯಲ್ಲಿ ನಡೆದು ಹೋಗುವವರ ಕಣ್ಣೂ ಸುಮಾರು ಅಷ್ಟರಲ್ಲೇ ಇರುತ್ತದೆ. ನಿಮ್ಮ ಯಜಮಾನರು ಯಾರ ಹತ್ತಿರವೂ ತಲೆ ಎತ್ತಿ ಮಾತಾಡಬೇಕಿಲ್ಲ, ಯಾರೂ ಅವರ ಕಡೆ ಬಗ್ಗಿ ನೋಡಬೇಕಿಲ್ಲ. ಹಳೆ ಮೇಸ್ತ್ರಿಗಳು ಇದನ್ನು ಯಾವ ಕಾಲೇಜಿನಲ್ಲೂ ಕಲಿತವರಲ್ಲ. ಕೂತು ನೋಡಿ ಕಟ್ಟಿದರು. ನಾನು ಐದು ವರ್ಷ ಫೀಸು ಕಟ್ಟಿ ಕಲಿತೆ. ಈ ಲೆಕ್ಕವನ್ನು ಅಲ್ಲಿ ಯಾರೂ ಹೇಳಿಕೊಡಲಿಲ್ಲ.

ಈಗ ಹೊಸ ಮನೆ ನೋಡಿ. ಸ್ಟಿಲ್ಟ್, ಅಂದರೆ ಕಾರು ನಿಲ್ಲಿಸಲು ಬರೀ ಕಂಬಗಳ ಮೇಲೆ ಖಾಲಿ ಬಿಟ್ಟ ನೆಲಮಹಡಿ, ಅದರ ಎತ್ತರ ಎಂಟು ಅಡಿ. ಅದರ ಮೇಲೆ ತೊಲೆ, ಮೋಲ್ಡು. ನಿಮ್ಮ ಹಾಲಿನ ನೆಲ ರಸ್ತೆಯಿಂದ ಹತ್ತು ಅಡಿ ಮೇಲೆ ಹೋಯಿತು. ಕೆಳಗೆ ರೋಲಿಂಗ್ ಗೇಟು. ರಸ್ತೆಯಲ್ಲಿ ನಿಂತು ನೋಡಿದರೆ ಕಾಣುವುದು ಎರಡು ಬಂಪರು, ಒಂದು ನೀರಿನ ಮೋಟಾರು. ಬೀದಿಯ ಎಲ್ಲ ಮನೆಗಳೂ ಹೀಗಾದರೆ ಸಂಜೆ ಆರಕ್ಕೆ ಅಲ್ಲಿ ಮಾತಾಡಿಸಲು ಒಬ್ಬರೂ ಇರುವುದಿಲ್ಲ. ಮಕ್ಕಳು ಸೈಕಲ್ಲಿಂದ ಬಿದ್ದರೆ ನೋಡುವವರಿಲ್ಲ. ಸರಗಳ್ಳ ಬಂದರೂ ನೋಡುವವರಿಲ್ಲ. ಆಮೇಲೆ ಎಲ್ಲರೂ ಸಿಸಿ ಕ್ಯಾಮೆರಾ ಹಾಕಿಸುತ್ತಾರೆ. ಮುಂಚೆ ಆ ಕೆಲಸವನ್ನು ನಿಮ್ಮ ಯಜಮಾನರು ಬಿಟ್ಟಿಯಾಗಿ ಮಾಡುತ್ತಿದ್ದರು.

ಒಡೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಮಗನ ಹತ್ತಿರ ಮೂರು ವಿಷಯ ಕೇಳಿ ಪಡೆಯಿರಿ. ಸೈಟಿನ ಮುಂಭಾಗ 30 ಅಡಿ. ಎರಡು ಪಕ್ಕ ಬಿಡಬೇಕಾದ ಜಾಗ ಬಿಟ್ಟರೂ 24 ಅಡಿಯ ಹತ್ತಿರ ಉಳಿಯುತ್ತದೆ. ಎರಡು ಕಾರಿಗೆ 16 ಅಡಿ ಸಾಕು. ಉಳಿದ ಏಳೆಂಟು ಅಡಿಯನ್ನು ಗೇಟಿನ ಪಕ್ಕಕ್ಕೇ ಇಟ್ಟು ಜಗಲಿ ಮಾಡಲಿ. ಆ ಎರಡು ಹಳೆ ಕಲ್ಲು ಚಪ್ಪಡಿಗಳನ್ನು ಒಡೆಯುವವರಿಗೆ ಕೊಡಬೇಡಿ. ಎತ್ತಿಟ್ಟು ಅದೇ ಎತ್ತರಕ್ಕೆ ಮತ್ತೆ ಕೂರಿಸಿ. ಎರಡನೆಯದು, ಮೆಟ್ಟಿಲನ್ನು ಹಿಂದೆ ಬಚ್ಚಿಡದೆ ಮುಂದೆ ತರಲಿ. ಹತ್ತಿ ಇಳಿಯುವವರು ಜಗಲಿಯ ಮುಂದೇ ಹಾದುಹೋಗಲಿ. ಬಾಡಿಗೆಗೆ ಬಂದವರ ಮುಖಪರಿಚಯ ಆಗುವುದು ಅಲ್ಲೇ. ಮೂರನೆಯದು, ಮೊದಲ ಮಹಡಿಯ ಬಾಲ್ಕನಿಗೆ ಗಟ್ಟಿ ಗೋಡೆ ಕಟ್ಟಬೇಡಿ. ಮೂರು ಅಡಿ ಗೋಡೆ ಇದ್ದರೆ ಕುರ್ಚಿಯಲ್ಲಿ ಕೂತವರಿಗೆ ಎದುರು ಮನೆಯ ಸಿಂಟೆಕ್ಸ್ ಕಾಣುತ್ತದೆ, ಕೆಳಗಿನ ಬೀದಿ ಕಾಣುವುದಿಲ್ಲ. ಕಂಬಿ ಹಾಕಿಸಿ. ಮಗುವಿನ ತಲೆ ತೂರದಂತೆ ಸಂದು ನಾಲ್ಕು ಇಂಚಿಗಿಂತ ಕಡಿಮೆ ಇರಲಿ.

ಪ್ಲಾನ್ ಬರೆಯುವ ಇಂಜಿನಿಯರ್‌ಗೆ ಇದನ್ನು ಮೊದಲೇ ಹೇಳಿ. ಮೋಲ್ಡ್ ಹಾಕಿದ ಮೇಲೆ ಹೇಳಿದರೆ, "ಆಗಲ್ಲ ಅಮ್ಮ, ಕಾಲಮ್ ಅಲ್ಲಿದೆ" ಅನ್ನುತ್ತಾರೆ. ಆಗ ಅವರು ಹೇಳುವುದೂ ನಿಜವೇ.

ಪ್ರಶ್ನೆ: ಅಗ್ನಿಮೂಲೆಯಲ್ಲೇ ಅಡುಗೆಮನೆ ಬರಬೇಕು ಅಂತ ಕಟ್ಟಿಸಿದ್ದೇವೆ. ಆ ಕಡೆ ಪಕ್ಕದವರ ಗೋಡೆ, ಕಿಟಕಿ ಇಡಲು ಆಗಲಿಲ್ಲ. ಒಗ್ಗರಣೆ ಹಾಕಿದರೆ ಇಡೀ ಮನೆ ಕೆಮ್ಮುತ್ತದೆ. ಅಡುಗೆಮನೆಯ ದಿಕ್ಕು ಬದಲಿಸಬೇಕಾ?
— ಓದುಗರು, ಹುಬ್ಬಳ್ಳಿ

ದಿಕ್ಕಿನದು ಏನೂ ತಪ್ಪಿಲ್ಲ. ನಮ್ಮ ಕಡೆ ಮಳೆಗಾಲದ ಗಾಳಿ ಪಡುವಣದಿಂದ ಬೀಸುತ್ತದೆ. ಮನೆಯೊಳಗೆ ಹಾದು ಬಂದ ಗಾಳಿ ಆಗ್ನೇಯದ ಹೊಗೆಯನ್ನು ಹೊರಗೆ ತಳ್ಳಿಕೊಂಡು ಹೋಗಬೇಕು. ಹೋಗಲು ದಾರಿ ಇದ್ದರೆ ತಾನೆ? ಮೂಲೆಯನ್ನು ಪಾಲಿಸಿದಿರಿ, ಕಿಟಕಿಯನ್ನು ಮರೆತಿರಿ. ಅಡುಗೆಮನೆಯ ಮೋಲ್ಡಿನಲ್ಲಿ ಒಂದು ಬೆಳಕಿಂಡಿ ತೆಗೆಸಿ ಮೇಲಕ್ಕೆ ಚಿಮಣಿ ಎಬ್ಬಿಸಿ. ಅಥವಾ ತೆರೆದ ಜಾಗ ಇರುವ ಗೋಡೆಯಲ್ಲಿ, ಸೂರಿನ ಹತ್ತಿರ, ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಫ್ಯಾನು ಹೊರಗೆ ಎಳೆಯಬೇಕಾದರೆ ಒಳಗೆ ಹೊಸ ಗಾಳಿ ಬರಬೇಕು. ಬಾಗಿಲು ಮುಚ್ಚಿ ಫ್ಯಾನ್ ಹಾಕಬೇಡಿ.

ಪ್ರಶ್ನೆ: ಮೇಡಂ, ನಾನು, ಹೆಂಡತಿ ಇಬ್ಬರೂ ಐಟಿ. ಹದಿನಾಲ್ಕನೇ ಮಹಡಿಯಲ್ಲಿ ಫ್ಲ್ಯಾಟ್ ತಗೊಂಡು ಎರಡು ವರ್ಷ ಆಯಿತು. ಎದುರು ಬಾಗಿಲಿನವರ ಹೆಸರು ಗೊತ್ತಿಲ್ಲ. ಊರಿಗೆ ಹೋದಾಗ ಅಮ್ಮ "ನೀವೇ ಸರಿ ಇಲ್ಲ" ಅಂತಾರೆ. ತಪ್ಪು ನಮ್ಮದಾ, ಬಿಲ್ಡಿಂಗಿನದಾ?
— ಓದುಗರು, ವೈಟ್‌ಫೀಲ್ಡ್, ಬೆಂಗಳೂರು

ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ನಡುವೆ ಅಂಗಳ, ಎರಡು ಬದಿ ಏಳು ಮನೆ, ಒಂದು ನಲ್ಲಿ, ಎರಡು ಕಕ್ಕಸು. ಯಾರ ಮನೆಯಲ್ಲಿ ಇವತ್ತು ಹುಳಿ, ಯಾರ ಮನೆಯಲ್ಲಿ ಬರೀ ತಿಳಿಸಾರು ಅಂತ ಎಲ್ಲರಿಗೂ ಗೊತ್ತು. ನಾವು ಬಹಳ ಒಳ್ಳೆಯವರಾಗಿದ್ದೆವು ಅಂತಲ್ಲ. ನಲ್ಲಿ ಹತ್ತಿರ ನಮ್ಮಮ್ಮ ಆಡಿದ ಜಗಳಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಬಾಗಿಲು ತೆಗೆದರೆ ಅಂಗಳ. ಅಂಗಳ ದಾಟದೆ ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ. ದಿನಕ್ಕೆ ಹತ್ತು ಸಲ ಒಬ್ಬರಿಗೊಬ್ಬರು ಎದುರಾಗುತ್ತಿದ್ದೆವು. ಪರಿಚಯ ತಾನಾಗಿ ಆಗುತ್ತಿತ್ತು.

ನಿಮ್ಮ ದಾರಿ ಹೇಗಿದೆ ನೋಡಿ. ಬಾಗಿಲು, ಓಣಿ, ಲಿಫ್ಟು, ಬೇಸ್‌ಮೆಂಟು, ಕಾರು. ಆ ಓಣಿಯ ಎರಡೂ ಬದಿ ಮನೆಗಳು, ಕಿಟಕಿ ಇಲ್ಲ, ಹಗಲಲ್ಲೂ ಲೈಟು. ಒಂದೇ ಓಣಿಗೆ ಎರಡು ಸಾಲು ಮನೆ ಕೂರಿಸಿದರೆ ಬಿಲ್ಡರ್‌ಗೆ ಜಾಗ ಉಳಿಯುತ್ತದೆ. ನೀವು ಮಾತ್ರ ಸೂಪರ್ ಬಿಲ್ಟ್-ಅಪ್ ಲೆಕ್ಕದಲ್ಲಿ ಆ ಕತ್ತಲೆ ಓಣಿಗೂ ಚದರಡಿ ಬೆಲೆ ಕೊಟ್ಟಿರುತ್ತೀರಿ! ಅಲ್ಲಿ ಯಾರೂ ನಿಲ್ಲುವುದಿಲ್ಲ, ಯಾಕೆಂದರೆ ನಿಲ್ಲಲು ಕಾರಣವೇ ಇಲ್ಲ. ಬೆಳಕಿಲ್ಲ, ಗಾಳಿಯಿಲ್ಲ, ನೋಡಲು ಏನೂ ಇಲ್ಲ. ಇನ್ನು ಬೇಸ್‌ಮೆಂಟಿಗೆ ಇಳಿಯುವ ಲಿಫ್ಟು ನೆಲದ ಮಟ್ಟವನ್ನೇ ದಾಟಿಸಿಬಿಡುತ್ತದೆ. ಕೆಳಗೆ ತೋಟ ಇರಬಹುದು. ಅದನ್ನು ಬ್ರೋಷರಿನಲ್ಲಿ ನೋಡಿದ್ದೇ ಜಾಸ್ತಿ ಅಲ್ವಾ?

ಹಾಗಾದರೆ ಎತ್ತರದ ಕಟ್ಟಡ ಅಂದರೆ ಹೀಗೇನಾ? ಅಲ್ಲ. ಸಿಂಗಪುರದಲ್ಲಿ ನೂರಕ್ಕೆ ಸುಮಾರು 80 ಜನ ಸರ್ಕಾರದ ವಸತಿ ಮಂಡಳಿ ಕಟ್ಟಿದ ಫ್ಲ್ಯಾಟುಗಳಲ್ಲಿದ್ದಾರೆ. ಮಂಡಳಿ ಶುರುವಾದದ್ದು 1960ರಲ್ಲಿ. ಎಪ್ಪತ್ತರ ದಶಕದಿಂದ ಕಟ್ಟಿದ ಎಷ್ಟೋ ಬ್ಲಾಕುಗಳಲ್ಲಿ ನೆಲಮಹಡಿಯನ್ನು ಖಾಲಿ ಬಿಟ್ಟಿದ್ದಾರೆ. ಬರೀ ಕಂಬಗಳು, ನೆರಳು, ಗಾಳಿ. ವಾಯ್ಡ್ ಡೆಕ್ ಅನ್ನುತ್ತಾರೆ. ಮಲಯರ ಮದುವೆ ಊಟ ಅಲ್ಲೇ, ಚೀನೀಯರ ಸಾವಿನ ಮನೆಯ ಕೂಟವೂ ಅಲ್ಲೇ. ಅಂಚೆ ಪೆಟ್ಟಿಗೆಗಳು, ಚದುರಂಗದ ಕಲ್ಲುಮೇಜುಗಳು ಎಲ್ಲ ಅಲ್ಲೇ. ಮೇಲೆ ವಿಜಯನಗರದ ಅಮ್ಮನಿಗೆ ಬರೆದದ್ದು ನೆನಪಿಸಿಕೊಳ್ಳಿ. ನಮ್ಮ ಸ್ಟಿಲ್ಟಿನಲ್ಲೂ ಅವೇ ಕಂಬಗಳು, ಅದೇ ಖಾಲಿ ಜಾಗ. ಅಲ್ಲಿ ಜನರನ್ನು ಬಿಟ್ಟರು, ನಾವು ಕಾರನ್ನು ಬಿಟ್ಟೆವು.

ಆದರೂ ಎಲ್ಲವನ್ನೂ ಕಟ್ಟಡದ ಮೇಲೆ ಹಾಕಬೇಡಿ. ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ ಪ್ರೂಟ್-ಐಗೊ ಅಂತ ಬಡವರ ವಸತಿ ಇತ್ತು. 11 ಮಹಡಿಯ 33 ಕಟ್ಟಡ. ಲಿಫ್ಟು ಎಲ್ಲ ಮಹಡಿಯಲ್ಲೂ ನಿಲ್ಲದ ಹಾಗೆ ಮಾಡಿದ್ದರು. ಜನ ಕೆಲವು ಮಹಡಿಗಳಲ್ಲಿ ಇಳಿದು, ಉದ್ದನೆ ಮೊಗಸಾಲೆಯಲ್ಲಿ ಸೇರಿ, ಮಾತಾಡಿ, ಆಮೇಲೆ ಮೆಟ್ಟಿಲು ಹಿಡಿಯಲಿ ಅಂತ. ಕಾಗದದ ಮೇಲೆ ಚೆಂದ. ರಿಪೇರಿಯ ದುಡ್ಡು ಬಾಡಿಗೆಯಿಂದಲೇ ಬರಬೇಕಿತ್ತು. ಬಾಡಿಗೆದಾರರು ಕಡಿಮೆಯಾದರು, ದುಡ್ಡು ನಿಂತಿತು, ಲಿಫ್ಟು ಕೆಟ್ಟವು, ಮೊಗಸಾಲೆಗೆ ಹೋಗಲು ಜನ ಹೆದರಿದರು. 1972ರಿಂದ ಕೆಡವಲು ಶುರು ಮಾಡಿ ಎಲ್ಲವನ್ನೂ ಕೆಡವಿಬಿಟ್ಟರು. ನಕ್ಷೆ ಬರೆದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ನೀವು ಮಾಡಬಹುದಾದದ್ದು ಸಣ್ಣದು. ವಾರಕ್ಕೆ ಎರಡು ದಿನ ಬೇಸ್‌ಮೆಂಟ್ ಒತ್ತದೆ 'ಜಿ' ಒತ್ತಿ. ಕೆಳಗಿನ ತರಕಾರಿ ಗಾಡಿಯ ಹತ್ತಿರ ಹತ್ತು ನಿಮಿಷ ನಿಲ್ಲಿ. ಅಸೋಸಿಯೇಷನ್ ಸಭೆಯಲ್ಲಿ ಲಿಫ್ಟಿನ ಎದುರಿನ ಲಾಬಿಗೆ ಒಂದು ಬೆಂಚು ಕೇಳಿ. ಸೋಫಾ ಬೇಡ. ಸೋಫಾ ಇಟ್ಟರೆ ಕೂರಬೇಡಿ ಅಂತ ಬೋರ್ಡೂ ಬರುತ್ತದೆ. ಹಾಂ, ಎದುರು ಬಾಗಿಲು ತಟ್ಟಿ ಹೆಸರು ಕೇಳುವುದಕ್ಕೆ ಆರ್ಕಿಟೆಕ್ಟ್ ಬೇಕಾಗಿಲ್ಲ. ಅಮ್ಮ ಹೇಳಿದ್ದರಲ್ಲಿ ಅರ್ಧ ಸರಿ ಇದೆ.

ಪ್ರಶ್ನೆ: ನಮ್ಮ ಹಳೆ ಮಾಳಿಗೆ ಮನಿ ಮಾರಿ ಹೊಸ ಬಡಾವಣಿಗೆ ಬಂದೇವ್ರಿ. ಮೂರನೇ ಮಹಡಿ ಮನಿ, ಮ್ಯಾಲೆ ಬರೇ ತಾರಸಿ. ಬ್ಯಾಸಿಗ್ಯಾಗ ರಾತ್ರಿ ಎರಡಕ್ಕೂ ನಿದ್ದಿ ಹತ್ತವಲ್ದು. ಎಸಿ ಬಿಟ್ಟರ ಬ್ಯಾರೆ ದಾರಿ ಐತೇನ್ರಿ?
— ನಿವೃತ್ತ ಶಿಕ್ಷಕರು, ಕಲಬುರಗಿ

ಸರ್, ನಿಮ್ಮ ಹಳೆ ಮನೆಯ ಕಲ್ಲಿನ ಗೋಡೆ ಒಂದೂವರೆ–ಎರಡು ಅಡಿ ದಪ್ಪ ಇದ್ದಿರಬೇಕು. ಮೇಲೆ ತೊಲೆ, ಹಲಗೆ, ಅದರ ಮೇಲೆ ಮಣ್ಣು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು ಅಷ್ಟು ಮಣ್ಣು, ಕಲ್ಲನ್ನು ದಾಟಿ ಒಳಗೆ ಬರುವ ಹೊತ್ತಿಗೆ ಹೊರಗೆ ತಂಪಾಗಿರುತ್ತಿತ್ತು. ಕೆಳಗೆ ಶಹಾಬಾದ್ ಕಲ್ಲಿನ ನೆಲ. ಪಡಸಾಲೆಯಲ್ಲಿ ಮಧ್ಯಾಹ್ನ ಮಲಗಿದರೆ ಬೆನ್ನಿಗೆ ತಣ್ಣಗೆ.

ಈಗ ನಿಮ್ಮ ತಲೆ ಮೇಲಿರುವುದು ಐದು ಇಂಚಿನ ಕಾಂಕ್ರೀಟು. ಹಗಲೆಲ್ಲ ಕುಡಿದ ಬಿಸಿಲನ್ನು ಅದು ಸಂಜೆಯಿಂದ ಒಳಗೆ ಬಿಡುತ್ತದೆ. ಫ್ಯಾನು ಆ ಬಿಸಿಯನ್ನೇ ನಿಮ್ಮ ಮೈಮೇಲೆ ಸುರಿಯುತ್ತದೆ. ನಿದ್ದೆ ಬಾರದೆ ಇರುವುದು ಅದಕ್ಕೇ.

ಮೊದಲು ಬಿಸಿಲು ಮೋಲ್ಡಿಗೆ ತಾಗದ ಹಾಗೆ ನೋಡಿ. ಶಿವರಾತ್ರಿ ಮುಗಿದ ಕೂಡಲೇ ತಾರಸಿಗೆ ಎರಡು ಕೋಟು ಸುಣ್ಣ ಹೊಡೆಸಿ. ಎದ್ದು ಹೋಗದಂತೆ ಸ್ವಲ್ಪ ಫೆವಿಕಾಲ್ ಸೇರಿಸಿ. ಬೆಳ್ಳಗಿದ್ದಷ್ಟೂ ಬಿಸಿಲು ವಾಪಸ್ ಹೋಗುತ್ತದೆ. ಇದು ಅಗ್ಗದ ದಾರಿ. ಸ್ವಲ್ಪ ಖರ್ಚು ಮಾಡಬಹುದಾದರೆ ಬಿಳಿ ಟೈಲ್ಸ್ ಚೂರು ಕೂರಿಸಿ, ಅಥವಾ ಕುಂಬಾರರ ಮಡಕೆಗಳನ್ನು ಬೋರಲು ಹಾಕಿ ಮೇಲೆ ಗಾರೆ ಮಾಡಿಸಿ. ಮಡಕೆಯೊಳಗಿನ ಗಾಳಿಯೇ ತಡೆ. ಆದರೆ ಬಾಡಿಗೆ ಮನೆಗೆ ಇಷ್ಟೆಲ್ಲ ಬೇಡ. ಬಿದಿರಿನ ಗಳ ನಿಲ್ಲಿಸಿ ಹಸಿರು ಬಲೆ ಕಟ್ಟಿದರೂ ನಡೆಯುತ್ತದೆ.

ನಿಮ್ಮ ಕಾಗದದಲ್ಲಿ ಇನ್ನೊಂದು ವಿಷಯ ಅಡಗಿದೆ. ಹಳೆ ಊರಿನ ಓಣಿ ಇಕ್ಕಟ್ಟು. ಎದುರು ಮನೆಯ ನೆರಳು ನಿಮ್ಮ ಗೋಡೆಗೆ, ನಿಮ್ಮದು ಅವರಿಗೆ. ರಾತ್ರಿ ಮಾಳಿಗೆ ಮೇಲೆ ಹಾಸಿಗೆ, ಮಾಳಿಗೆಯಿಂದ ಮಾಳಿಗೆಗೆ ಮಾತು. ಹೊಸ ಬಡಾವಣೆಯಲ್ಲಿ ರಸ್ತೆ ಅಗಲ, ಮರ ಇಲ್ಲ. ತಾರಸಿ ಮೇಲೆ ನೀರಿನ ಟ್ಯಾಂಕು, ಸೋಲಾರು, ಡಿಶ್ಶು. ಮಲಗಲು ಜಾಗ ಎಲ್ಲಿ? ಟ್ಯಾಂಕುಗಳನ್ನು ಒಂದು ಮೂಲೆಗೆ ಸರಿಸಲು ಮಾಲೀಕರನ್ನು ಕೇಳಿ. ಹತ್ತಡಿಗೆ ಹತ್ತಡಿ ಜಾಗ ಬಿಟ್ಟುಕೊಟ್ಟರೆ ಎಸಿ ಬೇಕಾಗದೆ ಹೋಗಬಹುದು.

ಪ್ರಶ್ನೆ: ನೀವು ಪ್ರತಿ ತಿಂಗಳು ಜಗಲಿ, ತೊಟ್ಟಿ, ವಠಾರ ಅಂತ ಹೊಗಳುತ್ತೀರಿ. ನಮ್ಮೂರ ದೊಡ್ಡಮನೆಯ ಜಗಲಿ ಕೆಳಗೆ ನಮ್ಮಪ್ಪ ನಲವತ್ತು ವರ್ಷ ನಿಂತೇ ಮಾತಾಡಿದರು. ಒಂದು ದಿನವೂ ಕೂರಲಿಲ್ಲ. ನಾನು ಮೈಸೂರಲ್ಲಿ ಮನೆ ಕಟ್ಟಿದಾಗ ಜಗಲಿ ಬೇಡ ಅಂದೆ. ನನ್ನದು ತಪ್ಪಾ?
— ಓದುಗರು, ಮೈಸೂರು

ಈ ಕಾಗದ ಬಂದು ಹತ್ತು ದಿನ ಆಯಿತು. ಉತ್ತರ ಬರೆಯದೆ ಮೇಜಿನ ಮೇಲೆ ಇಟ್ಟುಕೊಂಡಿದ್ದೆ.

ನಿಮ್ಮದು ತಪ್ಪಲ್ಲ. ನಾನು ಬಿಟ್ಟು ಬರೆಯುತ್ತಿದ್ದುದನ್ನು ನೀವು ಬರೆದಿದ್ದೀರಿ. ಕಣ್ಣಿನ ಮಟ್ಟ ಐದು ಅಡಿ, ಇಬ್ಬರೂ ಸಮ ಅಂತ ಈ ಪುಟದ ಮೇಲ್ಭಾಗದಲ್ಲಿ ಬರೆದು ಖುಷಿಪಟ್ಟಿದ್ದೇನೆ. ನಿಮ್ಮಪ್ಪ ನಿಂತಿದ್ದಾಗಲೂ ಅವರ ಕಣ್ಣು, ಜಗಲಿಯಲ್ಲಿ ಕೂತವರ ಕಣ್ಣು ಒಂದೇ ಎತ್ತರದಲ್ಲಿ ಇದ್ದಿರಬಹುದು. ಟೇಪಿಗೆ ಅದಕ್ಕಿಂತ ಹೆಚ್ಚು ಗೊತ್ತಾಗುವುದಿಲ್ಲ.

ಕಾಲೇಜಿನಲ್ಲಿದ್ದಾಗ ಹಳೆ ತೊಟ್ಟಿಮನೆಗಳನ್ನು ಅಳೆದು ನಕ್ಷೆ ಬರೆಯುವ ಕೆಲಸ ಕೊಟ್ಟಿದ್ದರು. ಯಾರು ಎಲ್ಲಿಯವರೆಗೆ ಬರಬಹುದು ಅನ್ನುವುದರ ಮೇಲೇ ಆ ಮನೆಗಳು ನಿಂತಿದ್ದವು. ಅಂಗಳದವರೆಗೆ ಕೆಲವರು, ಜಗಲಿಯವರೆಗೆ ಕೆಲವರು, ಹಜಾರದವರೆಗೆ ಇನ್ನು ಕೆಲವರು. ತಿಂಗಳಿಗೆ ಮೂರು ದಿನ ಮನೆಯ ಹೆಂಗಸರಿಗೂ ಹಿತ್ತಲ ಕೋಣೆಯೇ. ನಾನು ಗೋಡೆಯ ದಪ್ಪ, ಕಂಬದ ಕೆತ್ತನೆ ಎಲ್ಲ ಬರೆದೆ. ಇದನ್ನು ಬರೆಯಲಿಲ್ಲ. ಮಾರ್ಕ್ಸು ಚೆನ್ನಾಗಿ ಬಂತು.

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಯದೂ ಇದೇ ಕಥೆ. 1898ರ ಪ್ಲೇಗಿನ ಆಸುಪಾಸಿನಲ್ಲಿ ಗಾಳಿ ಬೆಳಕು ಇರಲಿ ಅಂತ ಬೆಳೆಸಿದ ಬಡಾವಣೆಗಳು. ಅಗಲ ರಸ್ತೆ, ಸಾಲುಮರ. ಮನೆಗಳ ಹಿಂದೆ ಒಂದು ಸಣ್ಣ ಗಲ್ಲಿ ಓಡುತ್ತದೆ, ಕನ್ಸರ್ವೆನ್ಸಿ ಲೇನ್. ಈಗ ಜನ ಅದನ್ನು ನೋಡಿ ಎಂಥ ಪ್ಲಾನಿಂಗ್ ಅಂತಾರೆ. ಅದು ಮಲ ಹೊರುವವರು ಮುಂಬಾಗಿಲ ಕಡೆ ಬರದ ಹಾಗೆ, ಹಿಂದಿನಿಂದಲೇ ಬಂದು ಹಿಂದಿನಿಂದಲೇ ಹೋಗಲಿ ಅಂತ ಮಾಡಿದ ದಾರಿ. ತಲೆ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಲು ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿದ್ದ ಮಂತ್ರಿ ಬಿ. ಬಸವಲಿಂಗಪ್ಪನವರು ಬರಬೇಕಾಯಿತು. ಗಲ್ಲಿ ಮಾತ್ರ ಅಲ್ಲೇ ಉಳಿಯಿತು.

ಅದೆಲ್ಲ ಹಳೆ ಕಾಲ ಅನ್ನೋಣವೆಂದರೆ, ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಕೆಲಸದವರು ಸರ್ವೀಸ್ ಲಿಫ್ಟ್ ಬಳಸಿ ಅಂತ ಚೀಟಿ ಅಂಟಿಸಿರುತ್ತಾರೆ. ನಾಲ್ಕು ಮನೆ ಕೆಲಸ ಮಾಡುವ ಹೆಂಗಸಿಗೆ ನಡುವೆ ಕೂರಲು ಜಾಗವಿಲ್ಲ, ಕಕ್ಕಸಿಲ್ಲ. ನನ್ನ ಕೈಯೂ ಶುದ್ಧವಲ್ಲ. ತೊಂಬತ್ತರ ದಶಕದಲ್ಲಿ ನಾನೇ ಬರೆದ ಒಂದು ಪ್ಲಾನಿನಲ್ಲಿ ಆಳಿನ ಕೋಣೆ ಆರಡಿಗೆ ಏಳಡಿ. ಕಿಟಕಿ ಇರಲಿಲ್ಲ. ಮಾಲೀಕರು ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಅದೇ ಮನೆಯ ನಾಯಿಗೂಡಿಗೆ ಜಾಲರಿ ಕಿಟಕಿ ಬರೆದಿದ್ದೆ. ಇದನ್ನು ಇಷ್ಟು ವರ್ಷ ಯಾರ ಹತ್ತಿರವೂ ಹೇಳಿರಲಿಲ್ಲ.

ಇನ್ನು ಜಗಲಿಯ ಮಾತು. ನಿಮ್ಮ ಮನೆಗೆ ಬೇಡ ಅಂದದ್ದು ನಿಮ್ಮ ಹಕ್ಕು. ಅದನ್ನು ಬದಲಿಸಿ ಅಂತ ಹೇಳಲು ನಾನು ಯಾರು? ಆದರೆ ಒಂದು ಕೇಳಿಕೆ. ನಿಮ್ಮ ಗೇಟಿನ ಹೊರಗೆ, ಕಾಂಪೌಂಡ್ ಗೋಡೆಗೆ ಒರಗಿಸಿ, ಮರದ ನೆರಳಲ್ಲಿ, ಒಂದು ಕಲ್ಲು ಬೆಂಚು ಹಾಕುವ ಆಲೋಚನೆ ಇದ್ದರೆ ಬರೆಯಿರಿ. ಗೇಟಿನ ಹೊರಗೆ ಇದ್ದರೆ ಅಪ್ಪಣೆ ಕೇಳಿ ಕೂರಬೇಕಿಲ್ಲ. ಅಳತೆ ನಾನು ಕಳಿಸುತ್ತೇನೆ.

ಪ್ರಶ್ನೆ: ಊರವರಿಗೆಲ್ಲ ಹೇಳುತ್ತೀರಲ್ಲ ಅಕ್ಕ, ನಿಮ್ಮ ಸ್ವಂತ ಮನೆ ಹೇಗಿದೆ?
— ಓದುಗರು, ತುಮಕೂರು

ಎರಡನೇ ಮಹಡಿಯ ಫ್ಲ್ಯಾಟು. ಬಾಲ್ಕನಿ ನಾಲ್ಕು ಅಡಿ ಅಗಲ. ವಾಷಿಂಗ್ ಮೆಷಿನ್, ತುಳಸಿ ಕುಂಡ ಇಟ್ಟರೆ ಮುಗಿಯಿತು. ನಾನು ಕೊಂಡದ್ದು, ನಾನು ಬರೆದದ್ದಲ್ಲ. ಅಷ್ಟು ಸಮಾಧಾನ.

ಅಮ್ಮನಿಗೆ 86. ವಠಾರದಲ್ಲಿ ಐವತ್ತು ವರ್ಷ ಇದ್ದವರು. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಬಾಗಿಲ ಹೊರಗೆ, ಓಣಿಯಲ್ಲಿ ಹಾಕಿಕೊಂಡು ಕೂರುತ್ತಿದ್ದರು. ಹೋಗುವವರು ಬರುವವರನ್ನೆಲ್ಲ ಊಟ ಆಯ್ತಾ ಅಂತ ಕೇಳುತ್ತಿದ್ದರು. ಮೂರನೇ ವಾರಕ್ಕೆ ಅಸೋಸಿಯೇಷನ್ನಿಂದ ಚೀಟಿ ಬಂತು, ಓಣಿಯಲ್ಲಿ ಸಾಮಾನು ಇಡಬಾರದು ಅಂತ. ನನಗೆ ಕೋಪ ಬಂತು. ಆದರೆ ನಿಯಮ ಸರಿಯೇ. ಬೆಂಕಿ ಬಿದ್ದರೆ ಓಡುವ ದಾರಿ ಅದು. ನನ್ನ ಪ್ಲಾನುಗಳಲ್ಲಿ ನಾನೂ ಅದನ್ನೇ ಬರೆಯುತ್ತೇನೆ.

ಕುರ್ಚಿ ಈಗ ಕೆಳಗೆ, ಗೇಟಿನ ಹತ್ತಿರ, ವಾಚ್‌ಮನ್ ಗೂಡಿನ ಪಕ್ಕ ಇದೆ. ನಾಲ್ಕು ಗಂಟೆಗೆ ಅಮ್ಮ ಸೊಪ್ಪಿನ ಕಟ್ಟು ಹಿಡಿದುಕೊಂಡು ಲಿಫ್ಟಿನಲ್ಲಿ ಇಳಿಯುತ್ತಾರೆ. ಅಲ್ಲೇ ಕೂತು ಸೊಪ್ಪು ಬಿಡಿಸುತ್ತಾರೆ. ಮೇಲೆ ಬರುವುದು ಆರೂವರೆಗೆ. ಮೊನ್ನೆ ನೋಡಿದರೆ ಪಕ್ಕದಲ್ಲಿ ಇನ್ನೊಂದು ಕುರ್ಚಿ ಬಂದಿತ್ತು. ಯಾರು ತಂದಿಟ್ಟರು ಅಂತ ಕೇಳಿದೆ. "ಮೂರನೇ ಮಹಡಿ ಲಕ್ಕಮ್ಮ, ನಿನಗೆ ಗೊತ್ತಿಲ್ಲ ಬಿಡು" ಅಂದರು.